ಕಾರಟಗಿಯಿಂದ ಮ್ವೇಯಾವರೆಗೆ: ಪಾಕೆಟ್ ರೌಟರ್‌ನ ದೀರ್ಘಕಾಲದ ಬಳಕೆಯ ವಿಮರ್ಶೆ

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ರೈಸ್‌ಮಿಲ್ಲುಗಳಲ್ಲಿ ಕಲರ್ ಸಾರ್ಟರ್ ಯಂತ್ರಗಳನ್ನು ಕೂಡಿಸಿ, ಹೊಂದಿಸಿ, ದುರಸ್ತಿ ಮಾಡಿಕೊಡುವುದು ನನ್ನ ವೃತ್ತಿ. ಇದೇ ಕೆಲಸದ ಮೇಲೆ ನೇಪಾಳದ ತರಾಯಿಗೂ, ಕೆನ್ಯಾದ ಮ್ವೇಯಾ ಮತ್ತು ತಾಂಜಾನಿಯಾದ ಎಂಬೆಯಾ ಕಡೆಯ ಭತ್ತದ ಸೀಮೆಗಳಿಗೂ ಹೋಗಿಬರುತ್ತಿರುತ್ತೇನೆ. ಯಂತ್ರದ ಕ್ಯಾಮೆರಾಗಳು ಕಪ್ಪು ಕಾಳು, ಹಳದಿ ಕಾಳುಗಳನ್ನು ಗುರುತಿಸಿ ಗಾಳಿಯ ಹೊಡೆತದಿಂದ ಹೊರಹಾಕುತ್ತವೆ. ಬೇರೆ ತಳಿಯ ಅಕ್ಕಿ ಬಂದಾಗ ಈ ಗುರುತಿಸುವಿಕೆಯನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ, ಎಷ್ಟೋ ಸಲ ತಯಾರಕರ ಎಂಜಿನಿಯರ್ ದೂರದಿಂದಲೇ ಯಂತ್ರಕ್ಕೆ ಲಾಗಿನ್ ಆಗಬೇಕಾಗುತ್ತದೆ. ಆ ಹೊತ್ತಿನಲ್ಲಿ ಇಂಟರ್ನೆಟ್ ಕಡಿದರೆ ಹೊಂದಾಣಿಕೆ ಅರ್ಧಕ್ಕೆ ನಿಲ್ಲುತ್ತದೆ, ಮಿಲ್ಲೂ ನಿಲ್ಲುತ್ತದೆ, ಭತ್ತ ತಂದ ಲಾರಿಗಳು ಅಂಗಳದಲ್ಲಿ ಸಾಲುಗಟ್ಟುತ್ತವೆ. ಹೀಗಾಗಿ ನನ್ನ ಉಪಕರಣಗಳ ಪೆಟ್ಟಿಗೆಯಲ್ಲಿ ಸ್ಪ್ಯಾನರ್‌ಗಳ ಪಕ್ಕದಲ್ಲಿಯೇ, ಸಿಮ್ ಹಾಕಿದರೆ ಸುತ್ತಲಿನ ಸಾಧನಗಳಿಗೆ ವೈಫೈ ಹಂಚುವ 4ಜಿ ಪಾಕೆಟ್ ರೌಟರ್ ಒಂದು ಹಲವು ವರ್ಷಗಳಿಂದ ಇದೆ.

ಇದು ಯಾವುದೇ ಟೆಲಿಕಾಂ ಕಂಪನಿಯ ಸಿಮ್‌ಗೆ ಲಾಕ್ ಆಗಿರದ, ಬ್ಯಾಟರಿ ಬಿಚ್ಚಿ ಬದಲಾಯಿಸಬಹುದಾದ ಸಾಧಾರಣ ಮಾಡೆಲ್. ಡಬ್ಬಿಯ ಮೇಲೆ ಸೆಕೆಂಡಿಗೆ 150 ಮೆಗಾಬಿಟ್ ಎಂದು ಬರೆದಿದೆ. ಅಂಥ ವೇಗವನ್ನು ನಾನು ಎಲ್ಲಿಯೂ ಕಂಡಿಲ್ಲ, ನನ್ನ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ. ಸೆಕೆಂಡಿಗೆ ಮೂರು-ನಾಲ್ಕು ಮೆಗಾಬಿಟ್ ಒಂದೇ ಸಮನೆ ಬಂದರೆ ಸಾಕು.

ಫೋನಿನ ಹಾಟ್‌ಸ್ಪಾಟ್ ಇರುವಾಗ ಇದೇಕೆ ಎಂದು ಅನೇಕರು ಕೇಳುತ್ತಾರೆ. ಪರದೇಶದಲ್ಲಿದ್ದಾಗಲೂ ಬ್ಯಾಂಕಿನ ಒಟಿಪಿ ಬರುವುದು ಭಾರತದ ನಂಬರಿಗೆ. ಆ ಸಿಮ್ ಫೋನಿನಲ್ಲಿ ರೋಮಿಂಗ್‌ನಲ್ಲಿ ಸುಮ್ಮನೆ ಜೀವಂತವಿದ್ದರೆ ಸಾಕು, ಡೇಟಾದ ಕೆಲಸವನ್ನು ರೌಟರಿನಲ್ಲಿರುವ ಸ್ಥಳೀಯ ಸಿಮ್ ನೋಡಿಕೊಳ್ಳುತ್ತದೆ. ರೋಮಿಂಗ್ ಪ್ಯಾಕಿನ ಡೇಟಾ ದುಬಾರಿಯಷ್ಟೇ ಅಲ್ಲ, ಸಾಮಾನ್ಯವಾಗಿ ಅದು ಭಾರತದ ಜಾಲಕ್ಕೆ ಬಂದು ಅಲ್ಲಿಂದ ಮುಂದೆ ಹೋಗುವುದರಿಂದ ನೈರೋಬಿಯಲ್ಲಿ ಕುಳಿತು ನೈರೋಬಿಯದೇ ಜಾಲತಾಣವನ್ನು ತೆರೆದರೂ ಸಮುದ್ರ ದಾಟಿ ಸುತ್ತಿ ಬರಬೇಕಾಗುತ್ತದೆ. ಪ್ರವಾಸಿಗಳಿಗೆಂದು ಮಾರುವ ಇ-ಸಿಮ್‌ಗಳು ವಿಮಾನದಿಂದ ಇಳಿದ ಮೊದಲ ದಿನಕ್ಕೆ ಅನುಕೂಲ, ಆದರೆ ಅವುಗಳಲ್ಲಿ ಹೆಚ್ಚಿನವು ಬರೀ ಡೇಟಾ ಕೊಡುತ್ತವೆಯೇ ಹೊರತು ಸ್ಥಳೀಯ ನಂಬರ್ ಕೊಡುವುದಿಲ್ಲ. ಕೆನ್ಯಾದಲ್ಲಿ ಇದು ದೊಡ್ಡ ತೊಡಕು, ಏಕೆಂದರೆ 2007ರಲ್ಲಿ ಆರಂಭವಾದ, ಮೊಬೈಲ್ ನಂಬರಿನಿಂದಲೇ ಹಣ ಕೊಡುವ ಎಂ-ಪೆಸಾ ವ್ಯವಸ್ಥೆ ಇಂದು ಅಲ್ಲಿ ಚಹಾದಂಗಡಿಯವರೆಗೂ ತಲುಪಿದೆ, ಮತ್ತು ಅದಕ್ಕೆ ಅಲ್ಲಿಯ ನಂಬರೇ ಬೇಕು.

ಕೊಳ್ಳುವ ಮುನ್ನ ಎಲ್ಲಕ್ಕಿಂತ ಗಮನವಿಟ್ಟು ನೋಡಬೇಕಾದದ್ದು ರೌಟರ್ ಹಿಡಿಯುವ ಬ್ಯಾಂಡ್‌ಗಳ, ಅಂದರೆ ಸಂಖ್ಯೆ ಕೊಟ್ಟು ಗುರುತಿಸುವ ರೇಡಿಯೊ ಅಲೆಗಳ ಪಟ್ಟೆಗಳ, ಪಟ್ಟಿಯನ್ನು. ನಮ್ಮಲ್ಲಿಯ 4ಜಿ ಹೆಚ್ಚಾಗಿ 3, 5, 8, 40ನೇ ಬ್ಯಾಂಡ್‌ಗಳಲ್ಲಿ ನಡೆಯುತ್ತದೆ. ಭಾರತದ ಮಾರುಕಟ್ಟೆಗೆಂದೇ ಮಾಡಿದ ಕೆಲವು ಅಗ್ಗದ ರೌಟರ್‌ಗಳಲ್ಲಿ ಅವಷ್ಟೇ ಇರುತ್ತವೆ. ಆದರೆ ಕೆನ್ಯಾದ ಹಳ್ಳಿಗಾಡಿನಲ್ಲಿ ದೂರದವರೆಗೆ ಹಬ್ಬುವ 4ಜಿ 800 ಮೆಗಾಹರ್ಟ್ಸ್‌ನದು, ಅಂದರೆ 20ನೇ ಬ್ಯಾಂಡಿನದು, ಮತ್ತು ಆ ಬ್ಯಾಂಡ್ ಭಾರತದ 4ಜಿಯಲ್ಲಿ ಬಳಕೆಯಲ್ಲಿಲ್ಲ. 20 ಇಲ್ಲದ ರೌಟರ್ ನೈರೋಬಿಯಲ್ಲಿ 1800 ಮೆಗಾಹರ್ಟ್ಸ್‌ನ 3ನೇ ಬ್ಯಾಂಡ್ ಹಿಡಿದು ಚೆನ್ನಾಗಿ ನಡೆದು, ಊರು ದಾಟಿ ಗದ್ದೆಯ ಸೀಮೆಗೆ ಬಂದ ಕೂಡಲೇ ಕೈಕೊಡುತ್ತದೆ. ನನ್ನದರಲ್ಲಿ 20 ಇದೆ, ಅದನ್ನು ಈಗಲೂ ಇಟ್ಟುಕೊಂಡಿರುವುದಕ್ಕೆ ಮುಖ್ಯ ಕಾರಣವೇ ಅದು.

ಎರಡನೆಯ ಕಾರಣ ಮಿಲ್ಲಿನ ಕಟ್ಟಡ. ಕಾರಟಗಿಯಾಗಲಿ, ಮ್ವೇಯಾವಾಗಲಿ, ಮಿಲ್ಲಿನ ಸೂರು ಮತ್ತು ಗೋಡೆ ತಗಡಿನವು. ರೇಡಿಯೊ ಅಲೆಗಳನ್ನು ತಗಡು ಒಳಗೆ ಬಿಡುವುದಿಲ್ಲ. ರೌಟರಿನ ಸೆಟ್ಟಿಂಗ್ಸ್ ಪುಟವನ್ನು ಫೋನಿನಲ್ಲಿ ತೆರೆದರೆ ಟವರಿನಿಂದ ಬರುವ ಸಿಗ್ನಲ್ಲಿನ ಬಲವನ್ನು ತೋರಿಸುವ ಆರ್‌ಎಸ್‌ಆರ್‌ಪಿ ಎಂಬ ಅಂಕಿ ಕಾಣುತ್ತದೆ. ಸಿಗ್ನಲ್ ಕಡ್ಡಿಗಳಿಗಿಂತ ಈ ಅಂಕಿಯನ್ನು ನಂಬಬೇಕು: ಮೈನಸ್ 80ರ ಆಸುಪಾಸು ಇದ್ದರೆ ಉತ್ತಮ, ಮೈನಸ್ 110ಕ್ಕಿಂತ ಕೆಳಗಿಳಿದರೆ ಕೆಲಸ ಕೆಡುತ್ತದೆ. ಮ್ವೇಯಾದ ಒಂದು ಮಿಲ್ಲಿನಲ್ಲಿ ಸಾರ್ಟರ್ ಪಕ್ಕದಲ್ಲಿ ನಿಂತಾಗ ಅದು ಮೈನಸ್ 114 ತೋರಿಸುತ್ತಿತ್ತು, ವಿಡಿಯೊ ಕರೆಯಲ್ಲಿ ಎಂಜಿನಿಯರ್ ಅವರ ಮುಖ ಚೂರುಚೂರಾಗಿ ನಿಲ್ಲುತ್ತಿತ್ತು. ರೌಟರನ್ನು ಪವರ್ ಬ್ಯಾಂಕ್ ಸಮೇತ ಬಟ್ಟೆಯ ಚೀಲದಲ್ಲಿ ಹಾಕಿ, ಕಾಳನ್ನು ಮೇಲೆತ್ತುವ ಎಲಿವೇಟರ್‌ನ ಏಣಿಯ ಮೇಲ್ತುದಿಯಲ್ಲಿ ತಗಡಿಗೆ ಕೊರೆದ ಕಿಟಕಿಯ ಬಳಿ ಕಟ್ಟಿದ ಮೇಲೆ ಅಂಕಿ ಮೈನಸ್ 93ಕ್ಕೆ ಏರಿತು, ಕೆಳಗೆ ಯಂತ್ರದವರೆಗೂ ವೈಫೈ ತಲುಪಿತು, ಕರೆ ಮುಗಿಯುವವರೆಗೆ ಒಮ್ಮೆಯೂ ಕಡಿಯಲಿಲ್ಲ. ಯಂತ್ರದ ಪರದೆಯ ಮುಂದೆ ಕೈಯಲ್ಲಿಯೇ ಇರಬೇಕಾದ ಫೋನನ್ನು ಹೀಗೆ ಮೇಲೆ ಕಟ್ಟಿಡಲು ಸಾಧ್ಯವಿಲ್ಲ.

ಸಿಮ್ ಕೊಳ್ಳುವುದು ಕಷ್ಟವಲ್ಲ, ಹೊತ್ತು ಹಿಡಿಯುತ್ತದೆ. ಪಾಸ್‌ಪೋರ್ಟ್ ಎಲ್ಲ ಕಡೆಯೂ ಕೈಯಲ್ಲಿರಲಿ. ತಾಂಜಾನಿಯಾದಲ್ಲಿ ಬೆರಳಚ್ಚನ್ನೂ ಪಡೆಯುತ್ತಾರೆ. ಹೊಸ ಸಿಮ್ಮನ್ನು ನೇರವಾಗಿ ರೌಟರಿಗೆ ಹಾಕದೆ, ಮೊದಲು ಫೋನಿನ ಎರಡನೆಯ ಸ್ಲಾಟಿನಲ್ಲಿ ಹಾಕಿ ಚಾಲೂ ಮಾಡಿಸಿ, ಅಂಗಡಿಯವರ ಎದುರಿಗೇ ಡೇಟಾ ಬಂಡಲ್ ಹಾಕಿಸಿಕೊಂಡು, ಅನಂತರ ರೌಟರಿಗೆ ವರ್ಗಾಯಿಸಬೇಕು. ಸ್ಟಾರ್ ಹ್ಯಾಶ್ ಒತ್ತಿ ಬ್ಯಾಲೆನ್ಸ್ ನೋಡುವ ಸೌಕರ್ಯ ನನ್ನ ರೌಟರಿನಲ್ಲಿಲ್ಲ. ಎರಡು ಕಂಪನಿಗಳ ಸಿಮ್ ಇಟ್ಟುಕೊಳ್ಳುವುದು ನನ್ನ ರೂಢಿ, ಏಕೆಂದರೆ ಪೇಟೆಯಲ್ಲಿ ಚೆನ್ನಾಗಿರುವ ಜಾಲವೇ ಹಳ್ಳಿಯಲ್ಲಿಯೂ ಚೆನ್ನಾಗಿರುತ್ತದೆ ಎಂಬ ಭರವಸೆ ಇಲ್ಲ.

ರೌಟರಿನ ಕೈಮೀರಿದ ಸಂಗತಿಗಳೂ ಇವೆ. 2024ರ ಮೇ 12ರಂದು ಈಸಿ ಮತ್ತು ಸೀಕಾಮ್ ಎಂಬ ಎರಡು ಸಮುದ್ರತಳದ ಕೇಬಲ್‌ಗಳು ಒಟ್ಟಿಗೆ ತುಂಡಾಗಿ ಕೆನ್ಯಾ, ತಾಂಜಾನಿಯಾ, ಉಗಾಂಡಾ ಮುಂತಾದ ದೇಶಗಳಲ್ಲಿ ಇಂಟರ್ನೆಟ್ ತೀರ ನಿಧಾನವಾಗಿತ್ತು. ಅಂಥ ದಿನಗಳಲ್ಲಿ ಟವರ್ ಪಕ್ಕದಲ್ಲಿದ್ದು ಆರ್‌ಎಸ್‌ಆರ್‌ಪಿ ಉತ್ತಮವಾಗಿದ್ದರೂ ಪರದೇಶದ ಸರ್ವರ್ ತೆರೆಯುವುದಿಲ್ಲ, ಎರಡನೆಯ ಸಿಮ್ಮಿಗೂ ಅದೇ ಗತಿ ಬರಬಹುದು. 2021ರ ಜನವರಿಯಲ್ಲಿ ಉಗಾಂಡಾದಲ್ಲಿ ಮಾಡಿದಂತೆ ಚುನಾವಣೆಯ ಹೊತ್ತಿಗೆ ಸರ್ಕಾರವೇ ಇಂಟರ್ನೆಟ್ ನಿಲ್ಲಿಸುವುದೂ ಉಂಟು. ಆದ್ದರಿಂದ ಯಂತ್ರದ ಕೈಪಿಡಿ, ಹಳೆಯ ಸೆಟ್ಟಿಂಗ್‌ಗಳ ಫೋಟೊ, ಸಾಫ್ಟ್‌ವೇರ್ ಫೈಲ್ ಇವೆಲ್ಲವನ್ನೂ ಹೊರಡುವ ಮುನ್ನ ಕಾರಟಗಿಯಲ್ಲಿಯೇ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳುತ್ತೇನೆ.

ಈ ರೌಟರಿನ ದೊಡ್ಡ ಕೊರತೆ ಬಿಸಿಲನ್ನು ತಾಳದಿರುವುದು. ರಾಯಚೂರು ಜಿಲ್ಲೆಯ ಮಿಲ್ಲುಗಳಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ದಾಟಿದಾಗ ತಗಡಿನ ಸೂರಿನ ಕೆಳಗೆ ಅದು ಕಾದು ತಾನಾಗಿಯೇ ಆಫ್ ಆಗುತ್ತದೆ. ಬ್ಯಾಟರಿ ಬಿಚ್ಚಿಟ್ಟು ಚಾರ್ಜರ್ ಮೇಲೆಯೇ ನಡೆಸುವಂತಿದ್ದರೆ ಕಾವು ಎಷ್ಟೋ ಕಡಿಮೆಯಾಗುತ್ತಿತ್ತು, ಆದರೆ ಬ್ಯಾಟರಿ ಇಲ್ಲದೆ ಅದು ಚಾಲೂ ಆಗುವುದೇ ಇಲ್ಲ. ಮಿಲ್ಲು, ಗೋದಾಮುಗಳಲ್ಲಿ ದುಡಿಯುವವರನ್ನು ತಯಾರಕರು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂಬ ಬೇಸರ ನನಗಿದೆ. ಮೊದಲ ಬ್ಯಾಟರಿ ಉಬ್ಬಿದಾಗ ಮೂಲ ಬ್ಯಾಟರಿಗಾಗಿ ಸರ್ವಿಸ್ ಸೆಂಟರ್‌ನವರು ಬಹಳ ಕಾಯಿಸಿದರು. ಈಗ ಎರಡು ಬ್ಯಾಟರಿ ಇಟ್ಟುಕೊಂಡು, ಒಂದು ಕಾದಾಗ ಇನ್ನೊಂದನ್ನು ಹಾಕುತ್ತೇನೆ. ವಿಮಾನದಲ್ಲಿ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್‌ಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕು, ಲಗೇಜಿಗೆ ಹಾಕುವಂತಿಲ್ಲ.

5ಜಿ ಪಾಕೆಟ್ ರೌಟರ್‌ಗಳ ಬೆಲೆ ಇದರ ಹಲವು ಪಟ್ಟು. ನಾನು ಹೋಗುವ ಭತ್ತದ ಸೀಮೆಗಳಲ್ಲಿ ಈಗಲೂ 4ಜಿಯೇ ಆಧಾರವಾದ್ದರಿಂದ, ಎರಡು ಸಿಮ್ ಸ್ಲಾಟ್ ಇದ್ದು ಬ್ಯಾಟರಿ ಇಲ್ಲದೆಯೂ ನಡೆಯುವ 4ಜಿ ರೌಟರ್ ಕೈಗೆಟಕುವ ಬೆಲೆಯಲ್ಲಿ ಸಿಗುವವರೆಗೆ ಇದನ್ನೇ ಬಳಸುತ್ತೇನೆ.