ಎಚ್ಚರಿಕೆ: ಗೇಜ್ 40 ಪೌಂಡ್ ತೋರಿಸುತ್ತಿತ್ತು, ರಾಡ್‌ಗಳಿಗೆ ಎಣ್ಣೆಯೇ ಇರಲಿಲ್ಲ

ಹಳೆಯ ಕಾರಿನ ಎಂಜಿನ್ನಿಗೆ ಫುಲ್ ಪ್ರೆಶರ್ ಆಯಿಲಿಂಗ್ (ಬೇರಿಂಗ್‌ಗಳಿಗೆಲ್ಲ ಪಂಪಿನ ಒತ್ತಡದಿಂದಲೇ ಎಣ್ಣೆ ತಲುಪಿಸುವ ಮಾರ್ಪಾಡು) ಮಾಡಿಸಲು ಹೊರಟವರು ದಯವಿಟ್ಟು ಇದನ್ನು ಓದಿ, ಆಮೇಲೆ ಮುಂಗಡ ಕೊಡಿ. ನಾನು ಕೊಟ್ಟು ಕೆಟ್ಟೆ. ನಾಚಿಕೆಯಿಂದ ಎರಡು ವಾರ ಯಾರಿಗೂ ಹೇಳಲಿಲ್ಲ. ಆದರೆ ಸುಮ್ಮನಿದ್ದರೆ ನಾಳೆ ಇನ್ನೊಬ್ಬರ ಎಂಜಿನ್ ಅದೇ ಮೇಜಿನ ಮೇಲೆ ಹೋಗಿ ಕೂರುತ್ತದೆ.

ನನ್ನದು 1930ರ ಫೋರ್ಡ್ ಮಾಡೆಲ್ ಎ. ನಾಲ್ಕು ಸಿಲಿಂಡರ್, 3.3 ಲೀಟರ್, 40 ಅಶ್ವಶಕ್ತಿ. ಅದರೊಳಗೆ ಎಣ್ಣೆ ಹೇಗೆ ಹರಿಯುತ್ತದೆ ಎಂಬುದು ಈ ಕಾರು ಇಟ್ಟುಕೊಂಡವರಿಗೆ ಗೊತ್ತು. ಪಂಪು ಎಣ್ಣೆಯನ್ನು ವಾಲ್ವ್ ಕೋಣೆಗೆ ಎತ್ತುತ್ತದೆ, ಅಲ್ಲಿಂದ ಅದು ತನ್ನ ಭಾರಕ್ಕೆ ತಾನೇ ಕ್ರ್ಯಾಂಕ್‌ಶಾಫ್ಟ್ ಎಂಬ ತಿರುಗುವ ಮುಖ್ಯ ದಂಡವನ್ನು ಹೊತ್ತ ಮೂರು ಮೈನ್ ಬೇರಿಂಗ್‌ಗಳಿಗೆ ಇಳಿಯುತ್ತದೆ. ಪಿಸ್ಟನ್ನನ್ನು ಆ ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗಳಿಗೆ ಆ ದಾರಿ ಇಲ್ಲ. ಪ್ರತಿ ರಾಡಿನ ತಳದಲ್ಲಿ ಡಿಪ್ಪರ್ ಎಂಬ ಪುಟ್ಟ ಸೌಟು ಇರುತ್ತದೆ. ಸುತ್ತು ಸುತ್ತಿಗೂ ಅದು ಕೆಳಗಿನ ತಟ್ಟೆಯ ಎಣ್ಣೆಯನ್ನು ಮೊಗೆದು ಬೇರಿಂಗಿಗೆ ಕೊಡುತ್ತದೆ. ರಾಡ್‌ಗಳ ಜೀವ ಆ ಸೌಟಿನಲ್ಲಿದೆ. ಇದನ್ನು ನೆನಪಿಡಿ.

ಬೇರಿಂಗಿನ ಒಳಮೈಗೆ ಹೊಯ್ಯುವ ಮೆದು ಲೋಹ, ಅಂದರೆ ಬ್ಯಾಬಿಟ್, ಸವೆದಿತ್ತು, ಹೇಗೂ ಹೊಸದಾಗಿ ಎರಕ ಹೊಯ್ಯಿಸಬೇಕಿತ್ತು. ದೂರದ ಪ್ರಯಾಣಕ್ಕೆ ಕಾರು ಗಟ್ಟಿಯಾಗಿರಲಿ ಎಂದು ಅದರ ಜೊತೆಗೇ ಫುಲ್ ಪ್ರೆಶರ್ ಮಾಡಿಸುವ ಆಸೆ ಹುಟ್ಟಿತು. ಕೆಲಸದವರ ಹೆಸರು ಹೇಳುವುದಿಲ್ಲ. ಹಳೆಯ ಎಂಜಿನ್‌ಗಳಲ್ಲಿ ಕೈ ಪಳಗಿದೆ ಎಂದರು, ನಂಬಿದೆ. ಕ್ರ್ಯಾಂಕ್‌ಶಾಫ್ಟಿನಲ್ಲಿ ಮೈನ್ ಜರ್ನಲಿನಿಂದ (ಬೇರಿಂಗಿನೊಳಗೆ ತಿರುಗುವ ನಯವಾದ ಭಾಗವೇ ಜರ್ನಲ್) ರಾಡ್ ಜರ್ನಲಿನವರೆಗೆ ಓರೆಯಾಗಿ ರಂಧ್ರ ಕೊರೆಯುತ್ತೇವೆ, ದೊಡ್ಡ ಪಂಪು, ಒತ್ತಡ ಮಿತಿಮೀರದಂತೆ ತಡೆಯುವ ರಿಲೀಫ್ ವಾಲ್ವ್, ಫಿಲ್ಟರ್ ಹಾಕುತ್ತೇವೆ ಎಂದು ಚೀಟಿಯಲ್ಲಿ ಬರೆದೇ ಕೊಟ್ಟರು. ರಂಧ್ರ ಕೊರೆಯುತ್ತೇವೆ ಎಂದು ಬರೆದುಕೊಟ್ಟಿದ್ದರು. ಆ ಚೀಟಿ ಈಗಲೂ ನನ್ನ ಬಳಿ ಇದೆ.

ಕೊರೆದ ಕ್ರ್ಯಾಂಕಿನ ಫೋಟೊ ಕಳುಹಿಸಿ ಎಂದು ನಡುವೆ ಕೇಳಿದ್ದೆ. “ಜೋಡಿಸಿ ಆಯಿತು ಸರ್, ಇನ್ನು ಬಿಚ್ಚಿದರೆ ಗ್ಯಾಸ್ಕೆಟ್ ಹಾಳು” ಎಂದರು. ಆಗಲೇ ಹಟ ಹಿಡಿಯಬೇಕಿತ್ತು. ಹಿಡಿಯಲಿಲ್ಲ.

ಎಂಜಿನ್ ತರಲು ಹೋದ ದಿನ ಅವರು ಕಾಗದದ ಪೊಟ್ಟಣವೊಂದನ್ನು ನನ್ನ ಕೈಗಿಟ್ಟರು. ಬಿಚ್ಚಿದರೆ ನಾಲ್ಕು ಡಿಪ್ಪರ್‌ಗಳು. “ಇನ್ನು ಇವು ಬೇಕಿಲ್ಲ, ನೆನಪಿಗೆ ಇಟ್ಟುಕೊಳ್ಳಿ” ಎಂದರು. ನಾನು ಹಿಗ್ಗಿ ಹೋದೆ. ಮಾಡೆಲ್ ಎಗೆ ಮೂಲದಲ್ಲಿ ಎಣ್ಣೆಯ ಒತ್ತಡದ ಗೇಜೇ ಇಲ್ಲ. ಈಗ ಹೊಸ ಗೇಜಿನ ಮುಳ್ಳು ಚದರ ಇಂಚಿಗೆ 40 ಪೌಂಡಿನವರೆಗೆ ಏರಿ ಅಲುಗದೆ ನಿಂತಿತ್ತು. ಅವರ ಕೈ ಕುಲುಕಿ, ಬಾಕಿ ಹಣವನ್ನು ಅಲ್ಲೇ ಎಣಿಸಿ ಕೊಟ್ಟೆ. ಧನ್ಯವಾದ ಬೇರೆ ಹೇಳಿದೆ!

ಮೂರನೆಯ ಸಲ ಹೊರಗೆ ಒಯ್ದಾಗ, ಏರು ರಸ್ತೆಯಲ್ಲಿ, ತಳದಿಂದ ಟಕ್ ಟಕ್ ಸದ್ದು. ಗೇಜ್ ನೋಡಿದೆ, 40. ಸದ್ದು ಹೆಚ್ಚಿತು, ಮತ್ತೆ ನೋಡಿದೆ, 40. ಎಣ್ಣೆ ಚೆನ್ನಾಗಿ ಹೋಗುತ್ತಿದೆ, ಸದ್ದು ಬೇರೆಲ್ಲಿಂದಲೋ ಬರುತ್ತಿದೆ ಎಂದುಕೊಂಡು ಇನ್ನಷ್ಟು ದೂರ ಓಡಿಸಿಬಿಟ್ಟೆ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮನೆಗೆ ಎಳೆಸಿಕೊಂಡು ಬಂದು, ಕಾರಿನ ಕೆಳಗೆ ಮಲಗಿ ಆಯಿಲ್ ಪ್ಯಾನ್ ಬಿಚ್ಚಿದೆ. ನಾಲ್ಕನೆಯ ರಾಡಿನ ಬ್ಯಾಬಿಟ್ ಕರಗಿ ಅಂಚಿನಲ್ಲಿ ಗಟ್ಟಿಯಾಗಿತ್ತು. ಕ್ಯಾಪ್ ತೆಗೆದು ಜರ್ನಲ್ ಒರೆಸಿದೆ, ರಂಧ್ರ ಹುಡುಕಿದೆ. ಇಲ್ಲ. ಕರಗಿದ ಲೋಹ ಮುಚ್ಚಿರಬಹುದೆಂದು ಉಜ್ಜಿ, ಕ್ರ್ಯಾಂಕ್ ತಿರುಗಿಸಿ ಸುತ್ತಲೂ ಬೆರಳಾಡಿಸಿದೆ. ಇಲ್ಲ. ಮೂರನೆಯದನ್ನು ಬಿಚ್ಚಿದೆ, ಎರಡನೆಯದನ್ನು, ಒಂದನೆಯದನ್ನು. ನಾಲ್ಕರಲ್ಲಿ ಒಂದಕ್ಕೂ ರಂಧ್ರವಿಲ್ಲ. ಕ್ರ್ಯಾಂಕನ್ನು ಕೊರೆದೇ ಇರಲಿಲ್ಲ! ಮೈನ್ ಬೇರಿಂಗ್‌ಗಳಿಗಷ್ಟೇ ಒತ್ತಡದ ಎಣ್ಣೆ ಕೊಟ್ಟು, ರಾಡ್‌ಗಳಿಗೆ ಎಣ್ಣೆ ಕೊಡುತ್ತಿದ್ದ ಸೌಟುಗಳನ್ನೂ ಕಿತ್ತು ಪೊಟ್ಟಣ ಕಟ್ಟಿ ನನಗೇ ಕೊಟ್ಟಿದ್ದರು. ಅಕ್ಕಪಕ್ಕ ಸಿಡಿದ ಹನಿಗಳಲ್ಲೇ ಆ ರಾಡ್‌ಗಳು ಅಷ್ಟು ದಿನ ಬದುಕಿದ್ದವು.

ಗೇಜ್ ಸುಳ್ಳು ಹೇಳಿರಲಿಲ್ಲ, ಅದೇ ಘೋರ. ಅದು ಅಳೆಯುವುದು ಮೈನ್‌ಗಳಿಗೆ ಹೋಗುವ ಕೊಳವೆಯ ಒತ್ತಡವನ್ನು. ರಾಡ್‌ಗಳ ಕಡೆಗೆ ಎಣ್ಣೆ ಹೊರಡುವ ದಾರಿಯೇ ಇಲ್ಲದಿದ್ದರೆ ಮುಳ್ಳು ಇನ್ನೂ ಮೇಲೇ ನಿಲ್ಲುತ್ತದೆ.

ಫೋನ್ ಮಾಡಿದೆ. ಮೊದಲ ಉತ್ತರ: “ಗೇಜ್ ಒತ್ತಡ ತೋರಿಸುತ್ತಿದೆಯಲ್ಲ ಸರ್?” ಎರಡನೆಯದು, ನಾನು ತೆಳು ಎಣ್ಣೆ ಹಾಕಿರಬೇಕು. ಅವರೇ ತುಂಬಿಸಿದ ಎಣ್ಣೆ ಅದು! ಮೂರನೆಯದು, ಹಳೆಯ ಗಾಡಿಯನ್ನು ಅಷ್ಟು ವೇಗವಾಗಿ ಓಡಿಸಬಾರದಿತ್ತು. ಚೀಟಿಯ ಮಾತು ಎತ್ತಿದಾಗ ದನಿ ಬದಲಾಯಿತು: “ಮೈನ್‌ಗೆ ಒತ್ತಡ ಕೊಟ್ಟರೆ ಅದೇ ಫುಲ್ ಪ್ರೆಶರ್. 1932ರ ಮಾಡೆಲ್ ಬಿಗೆ ಫೋರ್ಡ್‌ನವರೇ ಹಾಗೆ ಮಾಡಿದ್ದಾರೆ.” ಮಾಡೆಲ್ ಬಿಯಲ್ಲಿ ಮೈನ್‌ಗಳಿಗೆ ಒತ್ತಡದ ಎಣ್ಣೆ ಇರುವುದು ನಿಜ. ಆದರೆ ಅದರ ರಾಡ್‌ಗಳಲ್ಲಿ ಡಿಪ್ಪರ್‌ಗಳನ್ನು ಫೋರ್ಡ್ ಉಳಿಸಿಕೊಂಡಿತ್ತಲ್ಲ! ಅದನ್ನು ಹೇಳಿದೆ. “ನಿಮಗೆ ಅಷ್ಟು ಗೊತ್ತಿದ್ದರೆ ನನ್ನ ಹತ್ತಿರ ಯಾಕೆ ತಂದಿರಿ?” ಎಂದು ಫೋನ್ ಇಟ್ಟರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಮಾಡಿಸುವವರು ಇಷ್ಟನ್ನು ಬಿಡಬೇಡಿ. ಜೋಡಿಸುವ ಮೊದಲು ಬರಿಯ ಕ್ರ್ಯಾಂಕನ್ನು ಕಣ್ಣಾರೆ ನೋಡಿ. ಮೈನ್ ಜರ್ನಲಿನ ರಂಧ್ರಕ್ಕೆ ಗಾಳಿ ಊದಿದರೆ ರಾಡ್ ಜರ್ನಲಿನಿಂದ ಹೊರಬರಬೇಕು. ಕೊರೆದ ಚೂರುಗಳು ಒಳಗೆ ಉಳಿದಿರಬಾರದು, ಅದೂ ಬೇರಿಂಗನ್ನು ತಿನ್ನುತ್ತದೆ. ಪ್ಯಾನ್ ಮುಚ್ಚುವ ಮೊದಲು ನಿಮ್ಮೆದುರೇ ಒತ್ತಡದಲ್ಲಿ ಎಣ್ಣೆ ಹರಿಸಿ, ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸಲಿ. ನಾಲ್ಕೂ ರಾಡ್‌ಗಳಿಂದ ಎಣ್ಣೆ ತೊಟ್ಟಿಕ್ಕಬೇಕು. ಗ್ಯಾಸ್ಕೆಟ್ ಹಾಳಾಗುತ್ತದೆ ಎಂದರೆ ಹಾಳಾಗಲಿ ಎನ್ನಿ. ಅಲ್ಲಿಯವರೆಗೆ ಬಾಕಿ ಹಣ ನಿಮ್ಮ ಜೇಬಿನಲ್ಲೇ ಇರಲಿ. ಬ್ಯಾಬಿಟ್ ಚೆನ್ನಾಗಿದ್ದು, ನಿಧಾನವಾಗಿ ಓಡಿಸುವವರಾದರೆ ಈ ಗೋಜಿಗೇ ಹೋಗಬೇಡಿ. ಹಳೆಯ ಪದ್ಧತಿಯಲ್ಲೇ ಲಕ್ಷಾಂತರ ಮಾಡೆಲ್ ಎಗಳು ಓಡಿವೆ.

ಗೀರುಬಿದ್ದ ಕ್ರ್ಯಾಂಕ್ ಈಗ ಬೇರೆಯವರ ಬಳಿ ಗ್ರೈಂಡಿಂಗಿಗೆ ಹೋಗಿದೆ. ಕೊರೆಯಬೇಕೇ ಎಂದು ಕೇಳಿದರು, ಬೇಡ ಎಂದೆ. ಪೊಟ್ಟಣದಲ್ಲಿದ್ದ ನಾಲ್ಕು ಡಿಪ್ಪರ್‌ಗಳನ್ನು ಒರೆಸಿ ಅವರಿಗೆ ಕೊಟ್ಟು ಬಂದಿದ್ದೇನೆ. ಚೀಟಿಯ ಫೋಟೊ ತೆಗೆದು ಆ ಮೊದಲಿನವರಿಗೆ ಕಳುಹಿಸಿ ಒಂಬತ್ತು ದಿನವಾಯಿತು. ಓದಿದ್ದಾರೆ, ಉತ್ತರವಿಲ್ಲ.