ಮಲೆನಾಡಿನ ನೆಟ್‌ಗೆ ಅಪಾಚೆ ಗ್ವಾಕಮೋಲಿ ಆಗುತ್ತಾ?

ಆಗುತ್ತೆ. ಗ್ವಾಕಮೋಲಿ ಅಂದ್ರೆ ದೂರದ ಕಂಪ್ಯೂಟರಿನ ಸ್ಕ್ರೀನನ್ನ ಬ್ರೌಸರಲ್ಲೇ ತೋರ್ಸೋ ಸಾಫ್ಟ್‌ವೇರು. ತೀರ್ಥಹಳ್ಳಿ ಕಡೆ ಮನೇಲಿ ಕೂತ್ಕೊಂಡು ಶಿವಮೊಗ್ಗದ ಆಫೀಸ್ ಕಂಪ್ಯೂಟರಿನ ಸ್ಕ್ರೀನ್ ಬೇಕು ಅನ್ನೋರು ಧೈರ್ಯವಾಗಿ ಹಾಕ್ಕೊಳಿ. ದುಡ್ಡಿಲ್ಲ, ಓಪನ್ ಸೋರ್ಸು, ಮನೆ ಕಡೆ ಬ್ರೌಸರ್ ಇದ್ರೆ ಸಾಕು ಬೇರೆ ಎಂತದೂ ಇನ್‌ಸ್ಟಾಲ್ ಮಾಡೋದು ಬೇಡ. ನಾನು ಒಂದು ಅಡಿಕೆ ಮಂಡಿ ಲೆಕ್ಕ ನೋಡ್ಕೊಳ್ಳೋನು, ಅಲ್ಲಿ ಟ್ಯಾಲಿ ಇರೋ ವಿಂಡೋಸ್ ಮಷೀನ್ ಒಂದು, ಹಳೇ ಕಾಗದಪತ್ರ ಸ್ಕ್ಯಾನ್ ಮಾಡಿಟ್ಟಿರೋ ಲಿನಕ್ಸ್ ಮಷೀನ್ ಒಂದು, ಇವೆರಡರ ಮುಂದೆ ಮೂಲೇಲಿ ಧೂಳು ಹಿಡ್ಕೊಂಡಿದ್ದ ಪಿಸಿಗೆ ಉಬುಂಟು ಹಾಕಿ ಗ್ವಾಕಮೋಲಿ ಕೂರಿಸಿದೀವಿ. ಮನೇಲಿರೋದು 2 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್, ಸ್ಕ್ರೀನ್ ತೋರ್ಸೋಕೆ ಅಷ್ಟು ಸಾಕು.

ಹಿಂಗೆ ಮಧ್ಯೆ ಒಂದು ಸರ್ವರ್ ಇಟ್ಟು ದೂರದ ಮಷೀನಿನ ಸ್ಕ್ರೀನ್ ತರಿಸ್ಕೊಳ್ಳೋದು ಹೊಸದೇನಲ್ಲ. ಎಕ್ಸ್ ವಿಂಡೋ, ಅಂದ್ರೆ ಯುನಿಕ್ಸ್ ಲಿನಕ್ಸ್ ಮಷೀನಲ್ಲಿ ಸ್ಕ್ರೀನ್ ಮೇಲೆ ಕಿಟಕಿ ತೋರ್ಸೋ ವ್ಯವಸ್ಥೆ, ಅಮೆರಿಕದ ಎಂಐಟಿಲಿ 1984ರಲ್ಲಿ ಶುರುವಾಗಿದ್ದು, ಅದ್ರ 11ನೇ ಆವೃತ್ತಿ ಎಕ್ಸ್11 ಬಂದಿದ್ದು 1987ರಲ್ಲಿ, ಆಮೇಲೆ ಎಕ್ಸ್ ಟರ್ಮಿನಲ್ ಅಂತ ಬರೀ ಸ್ಕ್ರೀನು ಕೀಬೋರ್ಡು ಮೌಸು ಇರೋ ಡಬ್ಬಿಗಳು ಬಂದ್ವು, ಅವನ್ನ ಮೋಡೆಮ್ ಲೈನ್ ಮೇಲೆ ಓಡ್ಸೋಕೆ ಅಂಥ ಡಬ್ಬಿ ಮಾಡ್ತಿದ್ದ ಕಂಪನಿ ಎನ್‌ಸಿಡಿಯವ್ರು ಎಕ್ಸ್‌ರಿಮೋಟ್ ಮಾಡಿದ್ರು, ಸಿಸ್ಕೋ ಕಮ್ಯುನಿಕೇಶನ್ ಸರ್ವರಲ್ಲೂ ಅದಕ್ಕೆ ಸಪೋರ್ಟ್ ಇತ್ತು. ಟರ್ಮಿನಲ್ ಫೋನ್ ಲೈನಲ್ಲಿ ಸರ್ವರ್ ತನಕ, ಅಲ್ಲಿಂದ ನೆಟ್‌ವರ್ಕಲ್ಲಿ ಹೋಸ್ಟ್ ತನಕ, ಹೋಸ್ಟ್ ಅಂದ್ರೆ ಪ್ರೋಗ್ರಾಂ ಓಡೋ ದೂರದ ಮಷೀನು. ಗ್ವಾಕಮೋಲಿ ಮಾಡೋದೂ ಅದೇ ಕೆಲಸ, ಫೋನ್ ಲೈನ್ ಜಾಗದಲ್ಲಿ ಬ್ರೌಸರ್ ಸರ್ವರ್ ನಡುವೆ ತೆರೆದೇ ಇರೋ ಕನೆಕ್ಷನ್, ಅಂದ್ರೆ ವೆಬ್‌ಸಾಕೆಟ್ ಅಷ್ಟೆ. ಒಳಗೆ ಗ್ವಾಕ್‌ಡಿ ಅಂತ ಒಂದು ಪ್ರೋಗ್ರಾಂ 4822 ಪೋರ್ಟಲ್ಲಿರುತ್ತೆ, ಹೋಸ್ಟ್ ಜೊತೆ ಆರ್‌ಡಿಪಿನೋ ವಿಎನ್‌ಸಿನೋ ಎಸ್‌ಎಸ್‌ಎಚ್ಚೋ (ಮೂರೂ ದೂರದ ಮಷೀನ್ ಬಳಸೋ ವಿಧಾನಗಳು, ಆರ್‌ಡಿಪಿ ವಿಂಡೋಸಿಂದು, ಎಸ್‌ಎಸ್‌ಎಚ್ ಕಮಾಂಡ್ ಕೊಡೋಕೆ) ಯಾವ್ದು ಬೇಕೋ ಅದ್ರಲ್ಲಿ ಮಾತಾಡಿ ಈ ಕಡೆ ಬ್ರೌಸರ್‌ಗೆ ಕಳ್ಸುತ್ತೆ.

ಆಗುಂಬೆ ಕಡೆ ಮಳೆ ಹಿಡೀತು ಅಂದ್ರೆ ನಮ್ಮಲ್ಲಿ ಮೊದ್ಲು ಕರೆಂಟು ಹೋಗುತ್ತೆ, ಅದ್ರ ಹಿಂದೆ ಟವರು. ಹಿಂಗೆ ಲೈನ್ ಹೋದಾಗಲೇ ನಮ್ಮ ಹಳೇ ವಿಧಾನಕ್ಕೂ ಗ್ವಾಕಮೋಲಿಗೂ ಇರೋ ವ್ಯತ್ಯಾಸ ಗೊತ್ತಾಗೋದು. ಮುಂಚೆ ಲಿನಕ್ಸ್ ಮಷೀನಿಗೆ ಎಸ್‌ಎಸ್‌ಎಚ್ ಮೂಲಕ ಎಕ್ಸ್ ಫಾರ್ವರ್ಡ್ ಮಾಡ್ಕೊಂಡು, ಅಂದ್ರೆ ಅಲ್ಲಿನ ಪ್ರೋಗ್ರಾಮಿನ ಕಿಟಕಿ ನಮ್ಮ ಸ್ಕ್ರೀನಿಗೆ ತರಿಸ್ಕೊಂಡು, ನೇರ ಹೋಗ್ತಿದ್ವಿ. ಎಕ್ಸಲ್ಲಿ ಎಲ್ಲ ಉಲ್ಟಾ ಮಾರಾಯ್ರೆ, ಸ್ಕ್ರೀನ್ ಇರೋ ಕಡೇದು ಸರ್ವರು, ದೂರದಲ್ಲಿ ಓಡೋ ಪ್ರೋಗ್ರಾಂ ಕ್ಲೈಂಟು, ಅದು ಸಣ್ಣಪುಟ್ಟದಕ್ಕೂ ನಮ್ಮನೆ ಮಷೀನನ್ನ ಕೇಳಿ ಉತ್ತರಕ್ಕೆ ಕಾಯುತ್ತೆ, ಹಂಗಾಗಿ ಸ್ಪೀಡ್ ಎಷ್ಟೇ ಇದ್ರೂ ಉತ್ತರ ಬರೋದು ತಡ ಆದ್ರೆ ಮೆನು ಓಪನ್ ಆಗೋದೂ ತಡ. ಲೈನ್ ಕಟ್ ಆದ್ರೆ ಪ್ರೋಗ್ರಾಮೂ ಮುಗೀತು, ಸೇವ್ ಮಾಡದೇ ಇರೋದೆಲ್ಲ ಹೋಯ್ತು. ಗ್ವಾಕಮೋಲಿಲಿ ಆರ್‌ಡಿಪಿ ಇಟ್ಕೊಂಡ್ರೆ ಸೆಷನ್ ಹೋಸ್ಟಲ್ಲೇ ಉಳಿಯುತ್ತೆ, ಅರ್ಧ ತುಂಬಿದ ವೋಚರ್ ಹಂಗೇ ಇರುತ್ತೆ, ನೆಟ್ ಬಂದ್ಮೇಲೆ ಮತ್ತೆ ಲಾಗಿನ್ ಆಗಿ ಮುಂದುವರ್ಸೋದು. ನೆಟ್ ಸುಸ್ತಾದಾಗ ಮಧ್ಯದ ಫ್ರೇಮ್‌ಗಳನ್ನ ಬಿಟ್ಟು ಮುಂದಕ್ಕೆ ಹೋಗುತ್ತೆ, ನೋಡೋಕೆ ಚೆಂದ ಇರಲ್ಲ ಆದ್ರೆ ಕೆಲಸ ನಿಲ್ಲಲ್ಲ. ವಿಡಿಯೋ ಗಿಡಿಯೋ ನೋಡ್ತೀನಿ ಅಂದ್ರೆ ಬೇಡ.

ಇದೇ ಥರದ ಎಕ್ಸ್2ಗೋ ಅನ್ನೋ ಸಾಫ್ಟ್‌ವೇರ್ ಕೂಡ ಚೆನ್ನಾಗಿದೆ, ಎನ್‌ಎಕ್ಸ್ ಅನ್ನೋ, ಎಕ್ಸ್ ಮಾತುಕತೆನ ಕುಗ್ಗಿಸಿ ಕಳ್ಸೋ ತಂತ್ರದ ಮೇಲೆ ಮಾಡಿದ್ದು, ಸೆಷನ್ ನಿಲ್ಸಿ ಮತ್ತೆ ತೆಗೀಬಹುದು, ಬರೀ ಲಿನಕ್ಸ್ ಹೋಸ್ಟ್ ಇರೋರು ಅದನ್ನೇ ನೋಡಿ. ಆದ್ರೆ ನಾವು ಕೂತು ನೋಡೋ ಪ್ರತಿ ಮಷೀನಿಗೂ ಅದ್ರ ಕ್ಲೈಂಟ್ ಹಾಕ್ಬೇಕು.

ಗ್ವಾಕಮೋಲಿ ಸೆಟಪ್ ಡಾಕರಲ್ಲಿ, ಅಂದ್ರೆ ಸಾಫ್ಟ್‌ವೇರನ್ನ ರೆಡಿ ಪೊಟ್ಟಣವಾಗಿ ಓಡ್ಸೋ ಟೂಲಲ್ಲಿ, ಮಾಡಿದ್ರೆ ಸುಲಭ. ಡೇಟಾಬೇಸ್ ಜೊತೆ ಹಾಕಿದ್ರೆ ಯೂಸರ್‌ನೇಮು ಪಾಸ್‌ವರ್ಡು ಎರಡೂ ಗ್ವಾಕ್‌ಅಡ್ಮಿನ್ ಅಂತಲೇ ಬರುತ್ತೆ, ಮೊದ್ಲು ಅದನ್ನ ಬದಲಾಯ್ಸಿ, ಎಚ್‌ಟಿಟಿಪಿಎಸ್ (ಬ್ರೌಸರಿನ ಗುಪ್ತ ಕನೆಕ್ಷನ್) ಇಲ್ದೆ ಹೊರಗಡೆಗೆ ಬಿಡ್ಬೇಡಿ. ನಾವು ಇನ್ನೂ ಒಂದು ಬೀಗ ಇರ್ಲಿ ಅಂತ ವಯರ್‌ಗಾರ್ಡ್ ಅನ್ನೋ ವಿಪಿಎನ್ (ನಮ್ಮವ್ರಿಗೆ ಮಾತ್ರ ಇರೋ ಖಾಸಗಿ ದಾರಿ) ಒಳಗೇ ಇಟ್ಟಿದೀವಿ.

ವಿಂಡೋಸ್ ಹೋಮ್ ಎಡಿಷನ್ನಿಗೆ ಆರ್‌ಡಿಪಿಲಿ ಒಳಗೆ ಹೋಗೋಕಾಗಲ್ಲ, ಪ್ರೋ ಬೇಕು. ಪ್ರೋದಲ್ಲೂ ಒಂದು ಸಲಕ್ಕೆ ಒಬ್ರೇ. ಇಲ್ಲಿಂದ ನಾನು ಅದೇ ಯೂಸರಲ್ಲಿ ಹೋದ ತಕ್ಷಣ ಮಂಡೀಲಿ ಕೂತವ್ರ ಸ್ಕ್ರೀನ್ ಲಾಕ್ ಆಗಿ ಫೋನ್ ಬರುತ್ತೆ, "ಎಂತ ಮಾರಾಯಾ, ಇಲ್ಲಿ ಅಡಿಕೆ ಗಾಡಿ ಬಂದು ನಿಂತಿದೆ, ನೀನು ಹೊರಗೆ ಬಾ ಮೊದ್ಲು" ಅಂತ. ಇದು ಗ್ವಾಕಮೋಲಿ ತಪ್ಪಲ್ಲ, ವಿಂಡೋಸ್ ಲೈಸೆನ್ಸ್ ಇರೋದೇ ಹಂಗೆ.

ಪ್ರಿಂಟ್ ಕೊಟ್ರೆ ಪಿಡಿಎಫ್ ಆಗಿ ಬ್ರೌಸರ್‌ಗೆ ಇಳಿಯುತ್ತೆ, ಲೇಸರ್ ಪ್ರಿಂಟರ್ ಇದ್ದೋರಿಗೆ ಪರವಾಗಿಲ್ಲ, ನಂ ಡಾಟ್ ಮ್ಯಾಟ್ರಿಕ್ಸಲ್ಲಿ ಒಂದು ಪಟ್ಟಿ ಬರೋದ್ರೊಳಗೆ ಕಾಫಿ ಕುಡ್ದು ಬರಬಹುದು. ಕನ್ನಡ ಟೈಪ್ ಮಾಡೋರು ಕನೆಕ್ಷನ್ ಸೆಟ್ಟಿಂಗಲ್ಲಿ ಕೀಬೋರ್ಡ್ ಲೇಔಟ್ ಯೂನಿಕೋಡ್ ಅಂತ ಇಡಿ. ಕಾಪಿ ಪೇಸ್ಟ್ ಆಗದಿದ್ರೆ ಕಂಟ್ರೋಲ್ ಆಲ್ಟ್ ಶಿಫ್ಟ್ ಮೂರೂ ಒಟ್ಟಿಗೆ ಒತ್ತಿ, ಪಕ್ಕದಲ್ಲಿ ಬರೋ ಮೆನುವಲ್ಲಿ ಕ್ಲಿಪ್‌ಬೋರ್ಡ್ ಇದೆ. ಕಂಟ್ರೋಲ್ ಡಬ್ಲ್ಯೂ ಮಾತ್ರ ಒತ್ತಬೇಡಿ, ಅದು ಹೋಸ್ಟ್‌ಗೆ ಹೋಗಲ್ಲ, ಬ್ರೌಸರ್ ಟ್ಯಾಬೇ ಮುಚ್ಚಿಹೋಗುತ್ತೆ.