ಹದಿಮೂರರಲ್ಲಿ ಒಂದು ಪಾಲು: ನನ್ನ ಮಡಚುವ ಫೋನಿನ ಟಿವಿ

ಜಪಾನಿಗೆ ಬಂದ ಹೊಸತರಲ್ಲಿ, 2009ರಲ್ಲಿ, ಕೊಂಡ ಮಡಚುವ ಫೋನ್ ಇದು. ಇದರಿಂದ ಕರೆ ಮಾಡುವುದನ್ನು ಬಿಟ್ಟು ಎಷ್ಟೋ ವರ್ಷಗಳಾದವು. ಆದರೂ ಬಾಗಿಲ ಪಕ್ಕದ ಭೂಕಂಪದ ಚೀಲದಲ್ಲಿ ಟಾರ್ಚು, ನೀರಿನ ಬಾಟಲಿಗಳ ಜೊತೆ ಇದಕ್ಕೂ ಜಾಗವಿದೆ. ಸತ್ತ ಸಿಮ್ ಒಳಗೇ ಇದೆ. ತೆಗೆದರೆ ಟಿವಿ ತೆರೆಯುವುದಿಲ್ಲ. ನನಗೆ ಬೇಕಿರುವುದು ಆ ಟಿವಿಯೇ: ಗೋಪುರದಿಂದ ಬರುವ ಪ್ರಸಾರವನ್ನು ಫೋನೇ ನೇರವಾಗಿ ಹಿಡಿಯುವ, ಇಲ್ಲಿನವರು ವನ್‌ಸೆಗ್ ಎನ್ನುವುದು.

2006ರ ಏಪ್ರಿಲ್ 1ರಂದು ಶುರುವಾದ ಸೇವೆ. ಒಂದು ಚಾನೆಲ್ಲಿನ 6 ಮೆಗಾಹರ್ಟ್ಸ್ ಅಗಲದ ತರಂಗಪಟ್ಟಿಯನ್ನು 13 ಪಾಲು ಮಾಡಿ, 12ನ್ನು ಮನೆಯ ದೊಡ್ಡ ಟಿವಿಗೆ ಕೊಟ್ಟು, ನಡುವಿನ ಒಂದನ್ನು, ಅಂದರೆ 'ವನ್ ಸೆಗ್ಮೆಂಟ್' ಅನ್ನು, ಮೊಬೈಲಿಗೆ ಬಿಟ್ಟಿದ್ದಾರೆ. ಆ ಒಂದು ಪಾಲಿನಲ್ಲಿ ಎಷ್ಟು ತುಂಬಿಸಲಾದೀತು? ಚಿತ್ರದ ಅಗಲ 320 ಚುಕ್ಕಿ, ಎತ್ತರ 180. ಸೆಕೆಂಡಿಗೆ ಸುಮಾರು 15 ಚೌಕಟ್ಟು. ಸುದ್ದಿ ಓದುವವರ ಮುಖಕ್ಕೆ ಇಷ್ಟು ಸಾಕು. ಸುಮೋ ಕುಸ್ತಿಗೆ ಸಾಲದು: ಜಟ್ಟಿ ಸೆಣಸು ಶುರುಮಾಡಲು ಮುಷ್ಟಿಯನ್ನು ನೆಲಕ್ಕೆ ಊರಿದ ಎನ್ನುವಷ್ಟರಲ್ಲಿ ಕಣದ ಹೊರಗೆ ಬಿದ್ದಿರುತ್ತಾನೆ. ಬೇಸ್‌ಬಾಲಿನ ಚೆಂಡಂತೂ ಇದೆಯೆಂದು ನಂಬಿಕೊಳ್ಳಬೇಕು.

ಕಾವಾಸಾಕಿಯ ಮನೆಯಿಂದ ಟೋಕಿಯೋದ ಶಿಂಬಾಶಿಯ ಕಚೇರಿಗೆ ರೈಲಿನಲ್ಲಿ ಹೋಗುವಾಗ ಆಂಟೆನಾವನ್ನು ಉದ್ದಕ್ಕೆ ಎಳೆದು ಕಿಟಕಿಯ ಕಡೆ ವಾಲಿಸುತ್ತಿದ್ದೆ. ಊರಿನಲ್ಲಿ ಅಪ್ಪ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತ "ಬಂತಾ?" ಎಂದು ಕೂಗುತ್ತಿದ್ದದ್ದು ನೆನಪಾಗುತ್ತಿತ್ತು. ರೈಲಿನಲ್ಲಿ ಸದ್ದು ಮಾಡುವಂತಿಲ್ಲವಾದ್ದರಿಂದ ಧ್ವನಿ ಮುಚ್ಚಿ, ಚಿತ್ರದ ಕೆಳಗೆ ಬರುವ ಮಾತಿನ ಸಾಲನ್ನು ಓದುತ್ತಿದ್ದೆ. ಕಾಂಜಿ ಎಂಬ ಜಪಾನಿ ಚಿತ್ರಾಕ್ಷರಗಳ ನನ್ನ ಅರ್ಧ ಕಲಿಕೆ ನಡೆದದ್ದು ಹೀಗೆ. ಸುರಂಗ ಹೊಕ್ಕರೆ ಮಾತ್ರ ಚಿತ್ರ ಮೊದಲು ಚೌಕ ಚೌಕವಾಗಿ ಒಡೆದು, ಆಮೇಲೆ ಕಲ್ಲಾಗಿ ನಿಲ್ಲುತ್ತದೆ. ಹಳೆಯ ಟಿವಿಯ ಹಾಗೆ ಹುಳಹುಳವಾಗಿಯಾದರೂ ಕಾಣುವುದಿಲ್ಲ.

2011ರ ಮಾರ್ಚ್ 11, ಮಧ್ಯಾಹ್ನ 2.46. ಭೂಕಂಪದ ನಡುಕ ನಿಂತ ಮೇಲೆ ಎಲ್ಲರೂ ಕಚೇರಿಯ ಹೊರಗೆ ನಿಂತಿದ್ದೆವು. ಟೋಕಿಯೋ ಟವರಿನ ತುದಿಯ ಆಂಟೆನಾ ಡೊಂಕಾಗಿತ್ತು. ಶಿವಮೊಗ್ಗದಲ್ಲಿದ್ದ ಅಮ್ಮನಿಗೆ ಎಷ್ಟು ಸಲ ಒತ್ತಿದರೂ ಕರೆ ಹೋಗುತ್ತಿರಲಿಲ್ಲ. ಅದೇ ಫೋನಿನಲ್ಲಿ, ಅದೇ ಡೊಂಕು ಗೋಪುರದಿಂದ, ಟಿವಿ ಮಾತ್ರ ಏನೂ ಆಗಿಲ್ಲವೆಂಬಂತೆ ಬರುತ್ತಿತ್ತು. ಕರೆಗೆ ಒಬ್ಬೊಬ್ಬರಿಗೂ ಬೇರೆ ದಾರಿ ಬೇಕು. ಪ್ರಸಾರಕ್ಕೆ ನೋಡುವವರು ಹತ್ತಾದರೇನು, ಹತ್ತು ಲಕ್ಷವಾದರೇನು? ನನ್ನ ಅಂಗೈಯಗಲದ ಪರದೆಯ ಸುತ್ತ ಏಳೆಂಟು ತಲೆಗಳು. ಹೆಲಿಕಾಪ್ಟರಿನಿಂದ ತೆಗೆದ ಚಿತ್ರದಲ್ಲಿ ಸುನಾಮಿಯ ಕಪ್ಪು ನೀರು ಗದ್ದೆಗಳ ಮೇಲೆ ಹರಡುತ್ತಿತ್ತು. ಚಿತ್ರ ಅಷ್ಟು ಚಿಕ್ಕದಾಗಿದ್ದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ರೈಲುಗಳು ನಿಂತಿದ್ದರಿಂದ ಮನೆಗೆ ನಡೆದೇ ಹೊರಟೆ. ತಾಮಾ ನದಿಯ ಸೇತುವೆ ದಾಟುವ ಹೊತ್ತಿಗೆ ಬ್ಯಾಟರಿ ಸತ್ತಿತು.

ದೂರುಗಳಿಲ್ಲವೆಂದಲ್ಲ. ನೋಡಲು ಡೇಟಾ ಖರ್ಚಿಲ್ಲ, ನಿಜ. ಆದರೆ ಮನೆಯಲ್ಲಿ ಟಿವಿ ಇಲ್ಲದಿದ್ದರೂ ಇಂಥ ಫೋನಿದ್ದರೆ ಸಾರ್ವಜನಿಕ ಪ್ರಸಾರದ ಶುಲ್ಕ ಕಟ್ಟಲೇಬೇಕೆಂಬ ತೀರ್ಪು 2019ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟಿನಲ್ಲೇ ಗಟ್ಟಿಯಾಯಿತು. ಅಂಗೈಯಗಲದ ಚಿತ್ರಕ್ಕೆ ಆಳೆತ್ತರದ ಬಿಲ್ಲು! ಐಫೋನಿನಲ್ಲಿ ವನ್‌ಸೆಗ್ ಎಂದೂ ಇರಲಿಲ್ಲ. ಉಳಿದ ಕಂಪನಿಗಳೂ ಒಂದೊಂದಾಗಿ ಕೈಬಿಟ್ಟವು. ನನ್ನ ಈಗಿನ ಫೋನಿನಲ್ಲೂ ಇಲ್ಲ.

ಪ್ರತಿ ಸೆಪ್ಟೆಂಬರ್ 1ರಂದು, ಇಲ್ಲಿನ ವಿಪತ್ತು ತಡೆ ದಿನದಂದು, ಹಳೆಯದನ್ನು ಹೊರತೆಗೆದು ಚಾರ್ಜ್ ಮಾಡಿ ಹಚ್ಚಿ ನೋಡುತ್ತೇನೆ. ಕಳೆದ ಸಲ 40 ನಿಮಿಷ ಓಡಿತು. ಇದಕ್ಕೆ ಹೊಂದುವ ಬ್ಯಾಟರಿ ಯಾರ ಬಳಿಯಾದರೂ ಇದ್ದರೆ ತಿಳಿಸಿ.